ಬಿರುಕು ಬಿಟ್ಟ ಬ್ಲಾಕ್: ಒಂದು ಎಂಜಿನ್, ಒಂದು ನಂಬರ್ ಮತ್ತು ಕಬ್ಬಿಣಕ್ಕೆ ಹೊಲಿಗೆ ಹಾಕಿದವರ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿನ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಸಂಚಿಕೆಯನ್ನು ಒಂದು ಬೆಲೆಪಟ್ಟಿಯಿಂದ ಶುರು ಮಾಡ್ತೀನಿ. 2019ರಲ್ಲಿ ಬ್ರಿಟನ್ನಿನ ಜಾಗ್ವಾರ್ ಕಂಪನಿಯ ಹಳೆ ಕಾರುಗಳ ವಿಭಾಗ ಒಂದು ಸುದ್ದಿ ಕೊಟ್ಟಿತು. ಐವತ್ತು-ಅರವತ್ತರ ದಶಕದ ತನ್ನ 3.8 ಲೀಟರ್ ಎಂಜಿನ್‌ನ ಬ್ಲಾಕನ್ನು ಮತ್ತೆ ಎರಕ ಹೊಯ್ದು ಮಾರ್ತೀವಿ ಅಂತ. ಬೆಲೆ 14 ಸಾವಿರ ಪೌಂಡ್‌ಗೂ ಹೆಚ್ಚು. ಬರೀ ಬ್ಲಾಕ್, ಅಂದ್ರೆ ಎಂಜಿನ್‌ನ ಹೊಟ್ಟೆಭಾಗ ಮಾತ್ರ. ಪಿಸ್ಟನ್ ಇಲ್ಲ, ಹೆಡ್ ಇಲ್ಲ.

ಆ ಸುದ್ದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಲೆಯಲ್ಲ, ಇನ್ನೊಂದು ಸಾಲು. ನಿಮ್ಮ ಕಾರಿನ ಹಳೆ ಬ್ಲಾಕ್ ಮೇಲಿದ್ದ ಎಂಜಿನ್ ನಂಬರನ್ನೇ ಹೊಸ ಬ್ಲಾಕ್ ಮೇಲೂ ಒತ್ತಿಸಿಕೊಳ್ಳಬಹುದು ಅಂತ ಅದರಲ್ಲಿತ್ತು.

ಸ್ವಲ್ಪ ಯೋಚನೆ ಮಾಡಿ. 1962ರಲ್ಲಿ ಹುಟ್ಟಿದ ಒಂದು ಕಾರು. ಅದರ ಎಂಜಿನ್ ಬ್ಲಾಕ್ ಬಿರುಕು ಬಿಟ್ಟಿದೆ. ಹೊಸ ಬ್ಲಾಕ್ ತಂದು, ಹಳೆ ನಂಬರ್ ಹೊಡೆಸಿ ಕೂರಿಸಿದರೆ ಅದು ಅದೇ ಕಾರಾ? ಹಾಗಾದ್ರೆ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರೋ ಆ ಹಳೆ ಕಬ್ಬಿಣ ಯಾರು? ನಾನು ಓದಿದ್ದು ಬಿ.ಕಾಂ. ಹಾಗಾಗಿ ಈ ಪ್ರಶ್ನೆ ನನಗೆ ಮೊದಲು ಲೆಕ್ಕದ ಪುಸ್ತಕದ ಪ್ರಶ್ನೆಯಾಗಿ ಕಾಣಿಸ್ತು. ಉತ್ತರ ಹುಡುಕುತ್ತಾ ಹೋದರೆ ಅದು ಇತಿಹಾಸದ ಪ್ರಶ್ನೆ. ಒಡೆದ ಕಬ್ಬಿಣವನ್ನು ಮನುಷ್ಯ ಹೇಗೆ ಕೂಡಿಸಲು ಕಲಿತ ಅನ್ನೋ ಇತಿಹಾಸ. ಬನ್ನಿ, ಒಂದೊಂದಾಗಿ ನೋಡೋಣ.

ಚಾವಣಿ ಮೇಲೆ ಹುಟ್ಟಿದ ಎಂಜಿನ್

ಎರಡನೇ ಮಹಾಯುದ್ಧದ ಕಾಲ, ಇಂಗ್ಲೆಂಡಿನ ಕೊವೆಂಟ್ರಿ ನಗರ. ಜರ್ಮನ್ ವಿಮಾನಗಳು ರಾತ್ರಿ ಬಂದು ಬಾಂಬ್ ಹಾಕಿ ಹೋಗುತ್ತಿದ್ದ ದಿನಗಳು. ಕಾರ್ಖಾನೆಗೆ ಬೆಂಕಿ ಬಿದ್ದರೆ ತಕ್ಷಣ ನಂದಿಸಲಿ ಅಂತ ಸಿಬ್ಬಂದಿ ಸರದಿಯ ಮೇಲೆ ರಾತ್ರಿ ಕಾವಲು ಕಾಯಬೇಕಿತ್ತು. ಜಾಗ್ವಾರ್ ಸ್ಥಾಪಕ ವಿಲಿಯಂ ಲಯನ್ಸ್ ತನ್ನ ಎಂಜಿನಿಯರುಗಳಾದ ವಿಲಿಯಂ ಹೇನ್ಸ್, ವಾಲ್ಟರ್ ಹಸನ್, ಕ್ಲಾಡ್ ಬೇಲಿ ಇವರ ಜೊತೆ ಆ ಕಾವಲಿನ ರಾತ್ರಿಗಳಲ್ಲೇ ಯುದ್ಧ ಮುಗಿದ ಮೇಲೆ ಮಾಡಬೇಕಾದ ಎಂಜಿನ್ ಬಗ್ಗೆ ಮಾತಾಡುತ್ತಿದ್ದರು. ಹಾಗೆ ಹುಟ್ಟಿದ್ದೇ ಎಕ್ಸ್‌ಕೆ ಎಂಜಿನ್. ಎಕ್ಸ್ ಅಂದ್ರೆ ಪ್ರಯೋಗ. ಕೆ ಅನ್ನೋದು ಆ ಪ್ರಯೋಗಗಳ ಸಾಲಿನಲ್ಲಿ ಬಂದ ಅಕ್ಷರ.

1948ರ ಲಂಡನ್ ಮೋಟಾರ್ ಪ್ರದರ್ಶನದಲ್ಲಿ ಎಕ್ಸ್‌ಕೆ 120 ಕಾರಿನೊಳಗೆ ಅದು ಜನರ ಮುಂದೆ ಬಂತು. ಆರು ಸಿಲಿಂಡರ್, 3.4 ಲೀಟರ್, 160 ಅಶ್ವಶಕ್ತಿ. ಮೇಲೆ ಅಲ್ಯೂಮಿನಿಯಂ ಹೆಡ್, ಅದರಲ್ಲಿ ಎರಡು ಕ್ಯಾಮ್‌ಶಾಫ್ಟ್. ಕೆಳಗೆ ಬೀಡು ಕಬ್ಬಿಣದ ಬ್ಲಾಕ್. 1949ರಲ್ಲಿ ಬೆಲ್ಜಿಯಂನ ಯಬ್ಬೆಕೆ ಹೆದ್ದಾರಿಯಲ್ಲಿ ಈ ಕಾರು ಗಂಟೆಗೆ 132 ಮೈಲಿ ದಾಟಿ ಓಡಿತು. ಲೆ ಮಾನ್‌ನ 24 ಗಂಟೆಗಳ ರೇಸನ್ನು ಇದೇ ಎಂಜಿನ್ ಕುಟುಂಬ 1951, 1953, 1955, 1956, 1957ರಲ್ಲಿ ಗೆದ್ದಿತು. 1961ರಲ್ಲಿ ಜಿನೀವಾದಲ್ಲಿ ಇ-ಟೈಪ್ ಬಂದಾಗ ಅದರ ಉದ್ದ ಮೂತಿಯೊಳಗೆ ಇದ್ದದ್ದು ಇದೇ ಎಂಜಿನ್‌ನ 3.8 ಲೀಟರ್ ರೂಪ.

ಕೊನೆಗೆ ಇದರ ತಯಾರಿಕೆ ನಿಂತದ್ದು 1992ರಲ್ಲಿ. 44 ವರ್ಷ! ಒಂದು ಎಂಜಿನ್ ವಿನ್ಯಾಸಕ್ಕೆ ಇದು ದೀರ್ಘಾಯುಷ್ಯವೇ ಸರಿ. ಆದರೆ ಆ ದೀರ್ಘಾಯುಷ್ಯದ ನಡುವೆಯೇ ಬಿರುಕಿನ ಬೀಜವೂ ಇತ್ತು.

ಅದೇ ಮನೆಯಲ್ಲಿ ದೊಡ್ಡ ಕೋಣೆಗಳು

1964ರಲ್ಲಿ ಕಂಪನಿ ಎಂಜಿನನ್ನು 4.2 ಲೀಟರ್‌ಗೆ ಹಿಗ್ಗಿಸಿತು. ಪಿಸ್ಟನ್ ಮೇಲೆ-ಕೆಳಗೆ ಓಡಾಡುವ ದೂರ ಅದೇ 106 ಮಿಲಿಮೀಟರ್ ಉಳಿಯಿತು. ಬದಲಾದದ್ದು ಸಿಲಿಂಡರಿನ ಅಗಲ. ಮೊದಲು 83 ಮಿ.ಮೀ ಇದ್ದದ್ದು 3.8ರಲ್ಲಿ 87 ಆಗಿತ್ತು, ಈಗ 92 ಆಯಿತು. ಒಂದೊಂದು ಸಿಲಿಂಡರಿಗೆ 5 ಮಿ.ಮೀ ಅಂದ್ರೆ ಆರಕ್ಕೆ 30 ಮಿ.ಮೀ. ಆದರೆ ಬ್ಲಾಕಿನ ಉದ್ದ ಹೆಚ್ಚಾಗಲಿಲ್ಲ. ಮನೆಯ ಹೊರಗೋಡೆ ಮುಟ್ಟದೆ ಒಳಗಿನ ಕೋಣೆಗಳನ್ನೆಲ್ಲ ದೊಡ್ಡದು ಮಾಡಿ ಅಂದ್ರೆ ಮೇಸ್ತ್ರಿ ಏನು ಮಾಡ್ತಾನೆ? ನಡುಗೋಡೆಗಳನ್ನು ತೆಳ್ಳಗೆ ಮಾಡ್ತಾನೆ. ಇಲ್ಲೂ ಅದೇ ಆಯ್ತು. 1 ಮತ್ತು 6ನೇ ಸಿಲಿಂಡರ್‌ಗಳನ್ನು ಆಚೆಗೆ ಸರಿಸಿದರು, ನಡುವಿನ 3 ಮತ್ತು 4 ಒಂದಕ್ಕೊಂದು ಹತ್ತಿರ ಬಂದವು. ಅವುಗಳ ನಡುವೆ ನೀರು ಹರಿದು ತಂಪು ಮಾಡಲು ಜಾಗವೇ ಉಳಿಯಲಿಲ್ಲ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಕಂಪನಿ ಹೇಳಿದ ಅಶ್ವಶಕ್ತಿ ಮೊದಲಿನಷ್ಟೇ, 265. ಹೆಚ್ಚಾದದ್ದು ಟಾರ್ಕ್, ಅಂದ್ರೆ ಎಳೆಯುವ ಬಲ. ಊರೊಳಗೆ ಓಡಿಸುವವರಿಗೆ ಅದೇ ಬೇಕಿತ್ತು. ವ್ಯಾಪಾರದ ದೃಷ್ಟಿಯಿಂದ ತಪ್ಪು ನಿರ್ಧಾರ ಅನ್ನಲಾಗದು. ಹೊಸ ಎಂಜಿನ್‌ಗೆ ಬಂಡವಾಳ ಹಾಕದೆ ಹಳೆಯದರಿಂದಲೇ ಇನ್ನೂ ಎರಡು ದಶಕ ದುಡಿಸಿಕೊಂಡರು. ಆದರೆ ಆ ಉಳಿತಾಯದ ಬಿಲ್ ಬೇರೆಯವರಿಗೆ ಹೋಯ್ತು. ಮೂರನೇ, ನಾಲ್ಕನೇ ಮಾಲೀಕನಿಗೆ, ಮತ್ತು ಅವನ ಮೆಕ್ಯಾನಿಕ್‌ಗೆ.

ಎಂಜಿನ್ ಅತಿಯಾಗಿ ಕಾದಾಗ ಎರಡು ಸಿಲಿಂಡರ್‌ಗಳ ನಡುವಿನ ಆ ತೆಳು ಗೋಡೆಯ ಮೇಲ್ತುದಿಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತಿತ್ತು. ಹೆಡ್ ಬಿಗಿಯುವ ಸ್ಟಡ್‌ಗಳ ರಂಧ್ರದಿಂದ ನೀರಿನ ದಾರಿಗೂ ಬಿರುಕು ಓಡುತ್ತಿತ್ತು. ಕಂಪನಿಗೂ ಇದು ಗೊತ್ತಾಯ್ತು. ಅರವತ್ತರ ದಶಕದ ಕೊನೆಗೆ ಉದ್ದನೆಯ ಸ್ಟಡ್‌ಗಳು ಬಂದವು. ಅವು ಬ್ಲಾಕಿನ ಮೇಲ್ಮೈಗೆ ಕಚ್ಚಿಕೊಳ್ಳದೆ ನೀರಿನ ಜಾಕೆಟ್ಟಿನ ತಳಕ್ಕೇ ಹೋಗಿ ಹಿಡಿಯುತ್ತಿದ್ದವು. ಒತ್ತಡವೇನೋ ಕೆಳಗಿಳಿಯಿತು, ಆದರೆ ಸ್ಟಡ್‌ಗಳು ನೀರಲ್ಲಿ ನೆನೆದು ತುಕ್ಕು ಹಿಡಿಯೋದಕ್ಕೆ ಶುರುವಾಯ್ತು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಇನ್ನೂ ವಿಚಿತ್ರವಾದ ಉಪಾಯ ಮಾಡಿದರು. ಸಿಲಿಂಡರ್‌ಗಳ ನಡುವೆ, ಬ್ಲಾಕಿನ ಮೇಲ್ಮೈಯಲ್ಲಿ, ತಾವೇ ಗರಗಸದಿಂದ ಸಣ್ಣ ಸೀಳು ಹಾಕಿದರು! ಕಬ್ಬಿಣ ಹಿಗ್ಗಲು ಜಾಗ ಸಿಕ್ಕರೆ ಅದು ತನ್ನಷ್ಟಕ್ಕೆ ಸೀಳುವುದಿಲ್ಲ ಅನ್ನೋ ಲೆಕ್ಕ. ಕಾಂಕ್ರೀಟ್ ರಸ್ತೆಯಲ್ಲಿ ಅಲ್ಲಲ್ಲಿ ಗೆರೆ ಬಿಟ್ಟಿರ್ತಾರಲ್ಲ, ಅದೇ ತತ್ವ.

ಬೀಡಿನ ಸ್ವಭಾವ

ಇಲ್ಲಿ ಒಂದು ನಿಮಿಷ ನಿಂತು ಬೀಡು ಕಬ್ಬಿಣದ ಸ್ವಭಾವ ನೋಡಬೇಕು. ನಮ್ಮ ಅಡುಗೆಮನೆಯ ಬೀಡಿನ ಕಾವಲಿ ಗೊತ್ತಲ್ಲ? ಹೆಂಚಿನ ಮೇಲೆ ದೋಸೆ ಎಷ್ಟು ಹದವಾಗಿ ಬರುತ್ತೆ. ಆದರೆ ಕೈಜಾರಿ ಕಲ್ಲುಚಪ್ಪಡಿ ಮೇಲೆ ಬಿದ್ದರೆ ಎರಡು ಹೋಳು. ಕಬ್ಬಿಣದ ಬಾಣಲೆ ಬಿದ್ದರೆ ನೆಗ್ಗುತ್ತೆ, ಬೀಡು ನೆಗ್ಗೋದಿಲ್ಲ, ಒಡೆಯುತ್ತೆ.

ಕಾರಣ ಇಂಗಾಲ. ಬೀಡಿನಲ್ಲಿ ಶೇ 2.5ರಿಂದ 4ರಷ್ಟು ಇಂಗಾಲ ಇರುತ್ತೆ. ಎರಕ ತಣ್ಣಗಾಗುವಾಗ ಅದು ಗ್ರಾಫೈಟ್ ಆಗಿ, ಸಣ್ಣ ಸಣ್ಣ ಹಾಳೆಗಳಂತೆ ಲೋಹದ ತುಂಬ ಹರಡಿ ಕೂರುತ್ತೆ. ಈ ಹಾಳೆಗಳಿಂದಲೇ ಬೀಡನ್ನು ಕೊರೆಯುವುದು ಸುಲಭ, ಅದು ಅದುರನ್ನು ನುಂಗಿಕೊಳ್ಳುತ್ತೆ, ಪಿಸ್ಟನ್ ಉಜ್ಜಿದರೂ ಬೇಗ ಸವೆಯೋದಿಲ್ಲ. ಎಂಜಿನ್‌ಗೆ ಹೇಳಿ ಮಾಡಿಸಿದ ಲೋಹ. ಆದರೆ ಅದೇ ಹಾಳೆಗಳ ಅಂಚುಗಳು ಬಿರುಕಿಗೆ ದಾರಿ. ಬೀಡು ಒತ್ತಡ ತಡೆಯುತ್ತೆ, ಎಳೆತ ತಡೆಯೋದಿಲ್ಲ. ಇದರ ಮೇಲೆ ಕೂತಿರೋ ಅಲ್ಯೂಮಿನಿಯಂ ಹೆಡ್ ಕಾದಾಗ ಬೀಡಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ ಅನ್ನೋದನ್ನೂ ಸೇರಿಸಿಕೊಳ್ಳಿ.

ತಣ್ಣನೆ ದೇಶಗಳಲ್ಲಿ ಇನ್ನೊಂದು ಶತ್ರು ಇದೆ, ಮಂಜುಗಡ್ಡೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತೆ. ಚಳಿಗಾಲದಲ್ಲಿ ಕಾರನ್ನು ಬರೀ ನೀರು ತುಂಬಿ ಷೆಡ್ಡಿನಲ್ಲಿ ಬಿಟ್ಟರೆ ಮಾರ್ಚಿನಲ್ಲಿ ಬಾಗಿಲು ತೆಗೆಯುವ ಹೊತ್ತಿಗೆ ಬ್ಲಾಕಿನ ಪಕ್ಕೆ ಸೀಳಿರುತ್ತೆ. ಬ್ಲಾಕಿನ ಬದಿಯಲ್ಲಿ ದುಂಡಗಿನ ಬಿಲ್ಲೆಗಳನ್ನು ಬಡಿದು ಕೂರಿಸಿರುತ್ತಾರೆ. ಮಂಜುಗಡ್ಡೆ ತಳ್ಳಿದಾಗ ಅವು ಕಳಚಿ ಬಿದ್ದು ಬ್ಲಾಕನ್ನು ಉಳಿಸುತ್ತವೆ ಅಂತ ಬಹಳ ಜನ ನಂಬಿದ್ದಾರೆ. ಅಸಲಿಗೆ ಅವು ಎರಕ ಹೊಯ್ದಾಗ ಒಳಗಿನ ಮರಳನ್ನು ಹೊರಗೆ ತೆಗೆಯಲು ಬಿಟ್ಟ ಕಂಡಿಗಳ ಮುಚ್ಚಳ, ಅಷ್ಟೇ. ಅದೃಷ್ಟ ಇದ್ದರೆ ಕಳಚುತ್ತವೆ.

ನಮ್ಮ ಕಡೆ ಈ ಭಯವಿಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರಲ್ಲಿ. ನಮ್ಮ ಊರಿನ ಬ್ಲಾಕ್‌ಗಳು ಬಿಸಿಲಿಗೆ, ಟ್ರಾಫಿಕ್ಕಿಗೆ, ಒಣಗಿದ ರೇಡಿಯೇಟರಿಗೆ ಒಡೆಯುತ್ತವೆ.

1917: ಸುತ್ತಿಗೆ ಹಿಡಿದ ನಾವಿಕರು

ಒಡೆದ ಬೀಡನ್ನು ಕೂಡಿಸುವ ವಿದ್ಯೆ ಕಾರಿನ ಗ್ಯಾರೇಜಿನಲ್ಲಿ ಬೆಳೆದದ್ದಲ್ಲ. ಅದು ಬೆಳೆದದ್ದು ಹಡಗಿನಲ್ಲಿ, ಯುದ್ಧದ ತುರ್ತಿನಲ್ಲಿ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನಿಯ ದೊಡ್ಡ ದೊಡ್ಡ ಪ್ರಯಾಣಿಕರ ಹಡಗುಗಳು ಅಮೆರಿಕದ ಬಂದರುಗಳಲ್ಲಿ ಸಿಕ್ಕಿಹಾಕಿಕೊಂಡವು. ಹೊರಗೆ ಹೋದರೆ ಬ್ರಿಟಿಷ್ ನೌಕಾಪಡೆ ಕಾದಿದೆ. ಮೂರು ವರ್ಷ ಹಾಗೇ ನಿಂತವು. 1917ರಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿಯೋದು ಖಚಿತ ಅನ್ನಿಸಿದಾಗ, ಹಡಗು ಶತ್ರುವಿನ ಕೈಗೆ ಸಿಕ್ಕರೂ ಉಪಯೋಗಕ್ಕೆ ಬರಬಾರದು ಅಂತ ಜರ್ಮನ್ ಸಿಬ್ಬಂದಿ ಎಂಜಿನ್ ಕೋಣೆಗೆ ಇಳಿದು ಬೀಡಿನ ಸಿಲಿಂಡರ್‌ಗಳನ್ನು ಒಡೆದು ಹಾಕಿದರು. ಉಕ್ಕಿನ ಭಾಗವನ್ನಲ್ಲ, ಬೀಡನ್ನೇ ಆರಿಸಿಕೊಂಡರು. ಬೀಡನ್ನು ಬೆಸೆಯೋಕೆ ಆಗೋದಿಲ್ಲ, ಹೊಸದಾಗಿ ಎರಕ ಹೊಯ್ಯಲು ವರ್ಷ ಹಿಡಿಯುತ್ತೆ ಅನ್ನೋದು ಅವರ ಲೆಕ್ಕ. ಆ ಕಾಲಕ್ಕೆ ಅದು ಸರಿಯಾದ ಲೆಕ್ಕವೇ.

ಅಮೆರಿಕದ ನೌಕಾಪಡೆಯ ಎಂಜಿನಿಯರುಗಳು ಬೇರೆ ದಾರಿ ಹಿಡಿದರು. ಒಡೆದ ಅಂಚಿನಲ್ಲಿ ಸಾಲಾಗಿ ರಂಧ್ರ ಕೊರೆದು ಉಕ್ಕಿನ ಸ್ಟಡ್‌ಗಳನ್ನು ತಿರುಗಿಸಿ ಕೂರಿಸಿದರು. ಹೋದ ತುಂಡಿನ ಜಾಗಕ್ಕೆ ಅಳತೆಯ ಉಕ್ಕಿನ ತೇಪೆ ಇಟ್ಟರು. ಆಮೇಲೆ ಎಲೆಕ್ಟ್ರಿಕ್ ಆರ್ಕ್ ವೆಲ್ಡಿಂಗ್‌ನಿಂದ ತೇಪೆಯನ್ನೂ ಸ್ಟಡ್‌ಗಳನ್ನೂ ಬೆಸೆದರು. ಬೀಡು ಬೆಸುಗೆಯನ್ನು ನಂಬದಿದ್ದರೂ ಒಳಗೆ ಕಚ್ಚಿಕೊಂಡ ಸ್ಟಡ್ ನಂಬುತ್ತೆ ಅನ್ನೋದು ಇದರ ಗುಟ್ಟು. ವರ್ಷಗಟ್ಟಲೆ ಹಿಡಿಯುತ್ತೆ ಅಂದುಕೊಂಡ ಕೆಲಸ ತಿಂಗಳುಗಳಲ್ಲಿ ಮುಗಿಯಿತು. ಕೈಸರ್ ವಿಲ್ಹೆಲ್ಮ್ 2 ಅನ್ನೋ ಹಡಗು 'ಅಗಮೆಮ್ನಾನ್' ಅಂತ ಹೆಸರು ಬದಲಿಸಿಕೊಂಡು ಅಮೆರಿಕದ ಸೈನಿಕರನ್ನು ಹೊತ್ತು ಫ್ರಾನ್ಸಿಗೆ ಹೊರಟಿತು. ಹೀಗೆ ವಶಪಡಿಸಿಕೊಂಡ ಜರ್ಮನ್ ಹಡಗುಗಳು ಒಟ್ಟು 5 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಸಾಗಿಸಿದವು, ಅದೂ ಜರ್ಮನಿಯ ವಿರುದ್ಧವೇ ಹೋರಾಡಲು.

ಬೀಡು ಒಡೆದರೆ ಕಥೆ ಮುಗೀತು ಅನ್ನೋ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು ಇದು.

ಬೆಂಕಿಯಿಲ್ಲದ ಹೊಲಿಗೆ

ಎರಡನೇ ತಿರುವು 1930ರ ದಶಕದಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದ ತೈಲಬಾವಿಗಳಲ್ಲಿ. ಅಲ್ಲಿ ಪಂಪು, ಎಂಜಿನ್‌ಗಳು ಒಡೆದರೆ ವೆಲ್ಡಿಂಗ್ ಮಾಡೋಕೇ ಭಯ. ಒಂದು ಕಿಡಿ ಹಾರಿದರೂ ಇಡೀ ಬಾವಿ ಹೊತ್ತಿಕೊಳ್ಳುತ್ತೆ. ಹಾಗಾಗಿ ಬೆಂಕಿಯೇ ಇಲ್ಲದ ರಿಪೇರಿ ಬೇಕಾಯ್ತು. ಅದೇ ಮೆಟಲ್ ಸ್ಟಿಚಿಂಗ್, ಲೋಹಕ್ಕೆ ಹಾಕುವ ಹೊಲಿಗೆ. 'ಮೆಟಲಾಕ್' ಅನ್ನೋ ಹೆಸರಿನಲ್ಲಿ ಅದು ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನ ಹಡಗುಕಟ್ಟೆಗಳಿಗೂ ಬಂತು.

ಮಾಡೋದು ಹೇಗೆ? ಮೊದಲು ಬಿರುಕಿನ ಎರಡೂ ತುದಿಯಲ್ಲಿ ಒಂದೊಂದು ರಂಧ್ರ ಕೊರೆಯುತ್ತಾರೆ, ಬಿರುಕು ಮುಂದಕ್ಕೆ ಓಡದಿರಲಿ ಅಂತ. ಆಮೇಲೆ ಬಿರುಕಿಗೆ ಅಡ್ಡಲಾಗಿ ಒತ್ತೊತ್ತಾಗಿ ರಂಧ್ರಗಳ ಸಾಲು ಕೊರೆದು, ನಡುವಿನ ಗೋಡೆ ತೆಗೆದು ಒಂದೇ ಗಾಡಿ ಮಾಡುತ್ತಾರೆ. ನೋಡೋಕೆ ಮಣಿಸರದ ಅಚ್ಚಿನ ಹಾಗಿರುತ್ತೆ. ಅದೇ ಆಕಾರದ, ನಿಕ್ಕಲ್ ಬೆರೆತ ಮೆತು ಲೋಹದ ಕೀಲಿಗಳನ್ನು ಪದರ ಪದರವಾಗಿ ಒಳಗಿಟ್ಟು ಸುತ್ತಿಗೆಯಲ್ಲಿ ಬಡಿಯುತ್ತಾರೆ. ಬಡಿದಂತೆ ಕೀಲಿ ಹರಡಿ ರಂಧ್ರದ ಗೋಡೆಯನ್ನು ಕಚ್ಚುತ್ತೆ. ಬಿರುಕಿನ ಎರಡೂ ದಡ ಒಂದನ್ನೊಂದು ಬಿಡದಂತೆ ಹಿಡಿದುಕೊಳ್ಳುತ್ತವೆ.

ಇದು ಅಡ್ಡ ಹೊಲಿಗೆ. ಇನ್ನು ಬಿರುಕಿನ ಉದ್ದಕ್ಕೂ ಒಂದು ರಂಧ್ರ ಕೊರೆದು, ಮರೆ ಕೊಯ್ದು, ಸ್ಟಡ್ ತಿರುಗಿಸಿ ಕತ್ತರಿಸುತ್ತಾರೆ. ಮುಂದಿನ ರಂಧ್ರ ಆ ಸ್ಟಡ್‌ನ ಅಂಚನ್ನೂ ಸ್ವಲ್ಪ ಕೊರೆದುಕೊಂಡು ಹೋಗಬೇಕು, ಒಂದರ ಮೇಲೊಂದು ಏರಿದ ಹಾಗೆ. ಬಿರುಕು ಮುಗಿಯುವ ಹೊತ್ತಿಗೆ ಅಲ್ಲಿ ಬಿರುಕೇ ಇರೋದಿಲ್ಲ, ಬರೀ ಸ್ಟಡ್‌ಗಳ ಸಾಲು. ಉಜ್ಜಿ ಸಮ ಮಾಡಿ ಬಣ್ಣ ಹೊಡೆದರೆ ಎಲ್ಲಿತ್ತು ಅಂತ ಹುಡುಕಬೇಕು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಕೌದಿ ಹೊಲಿಯೋದು ನೋಡಿದ್ದೀರಲ್ಲ, ಒಂದೊಂದೇ ಹೊಲಿಗೆ, ಸಾಲಿನ ಪಕ್ಕ ಸಾಲು. ಅಷ್ಟೇ ತಾಳ್ಮೆ ಈ ಕೆಲಸಕ್ಕೂ ಬೇಕು.

ವೆಲ್ಡಿಂಗ್ ಯಾಕೆ ಬೇಡ ಅಂದ್ರೆ, ತಣ್ಣನೆ ಬೀಡಿಗೆ ಏಕಾಏಕಿ ಬೆಂಕಿ ತಾಗಿಸಿ ಬಿಟ್ಟರೆ ಬೆಸುಗೆಯ ಪಕ್ಕದ ಲೋಹ ಗಾಜಿನ ಹಾಗೆ ಗಡುಸಾಗುತ್ತೆ. ತಣಿಯುವಾಗ ಕುಗ್ಗುತ್ತೆ, ಅಲ್ಲೇ ಪಕ್ಕದಲ್ಲಿ ಹೊಸ ಬಿರುಕು. ಮಾಡಲೇಬೇಕು ಅಂದ್ರೆ ಇಡೀ ಬ್ಲಾಕನ್ನು ಕುಲುಮೆಯಲ್ಲಿ ಮಂದ ಕೆಂಪಾಗುವ ತನಕ ಕಾಯಿಸಿ, ಬೆಸೆದು, ಗಂಟೆಗಟ್ಟಲೆ ನಿಧಾನವಾಗಿ ತಣಿಸಬೇಕು. ಕೆಲವು ಪರಿಣತರು ಇವತ್ತಿಗೂ ಮಾಡ್ತಾರೆ. ಆದರೆ ಅಷ್ಟು ಕಾದ ಬ್ಲಾಕ್ ಸೊಟ್ಟಗಾಗುತ್ತೆ, ಮತ್ತೆ ಎಲ್ಲ ಅಳತೆಯನ್ನೂ ಮೆಷೀನಿನಲ್ಲಿ ತೆಗೆಯಬೇಕು.

ಕಾಣದ ಬಿರುಕು ಕಂಡದ್ದು

ರಿಪೇರಿಗೂ ಮೊದಲು ಬಿರುಕು ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಗೊತ್ತಾಗಬೇಕು. ಇದಕ್ಕೆ ದಾರಿ ಸಿಕ್ಕಿದ್ದು ಆಕಸ್ಮಿಕ. 1920ರ ದಶಕದಲ್ಲಿ ಅಮೆರಿಕದ ವಿಲಿಯಂ ಹೋಕ್ ಎಂಬಾತ ಅಯಸ್ಕಾಂತದ ಹಿಡಿಕೆಯಲ್ಲಿ ಉಕ್ಕಿನ ತುಂಡು ಇಟ್ಟು ಸಾಣೆ ಹಿಡಿಯುವಾಗ, ಕಬ್ಬಿಣದ ಪುಡಿ ಕೆಲವು ಕಡೆ ಗೆರೆಗೆರೆಯಾಗಿ ಕೂರೋದನ್ನು ಗಮನಿಸಿದ. ಆ ಗೆರೆಗಳಿದ್ದ ಕಡೆಯೆಲ್ಲ ಕಣ್ಣಿಗೆ ಕಾಣದ ಬಿರುಕು. ಬಿರುಕಿನ ಬಾಯಲ್ಲಿ ಕಾಂತಕ್ಷೇತ್ರ ಹೊರಗೆ ಸೋರುತ್ತೆ, ಪುಡಿ ಅಲ್ಲಿಗೆ ಓಡುತ್ತೆ. 1934ರಲ್ಲಿ ಇದೇ ತತ್ವದ ಮೇಲೆ ಮ್ಯಾಗ್ನಾಫ್ಲಕ್ಸ್ ಕಂಪನಿ ಶುರುವಾಯ್ತು. ಇವತ್ತಿಗೂ ಎಂಜಿನ್ ರಿಪೇರಿಯ ಮೊದಲ ಹೆಜ್ಜೆ ಅದೇ. ಎರಡನೆಯದು ಒತ್ತಡ ಪರೀಕ್ಷೆ. ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ ಗುಳ್ಳೆ ಎಲ್ಲಿ ಏಳುತ್ತೆ ಅಂತ ನೋಡೋದು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಲ್ಲಿ ಅದ್ದಿ ನೋಡೋದೂ ಇದೇ.

ಈಗ ನಮ್ಮ 4.2 ಬ್ಲಾಕಿಗೆ ಬನ್ನಿ. ಪಕ್ಕೆಯಲ್ಲಿ ಬಿರುಕಿದ್ದರೆ ಹೊಲಿಗೆ. ಸಿಲಿಂಡರ್‌ಗಳ ನಡುವೆ ಇದ್ದರೆ ಅಲ್ಲಿ ಹೊಲಿಯಲು ಜಾಗವಿಲ್ಲ, ಹಾಗಾಗಿ ಹಳೆ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಿ, ಮೇಲಂಚಿಗೆ ಕಾಲರ್ ಇರುವ ಲೈನರ್ ಇಳಿಸುತ್ತಾರೆ. ತಲೆಕೆಳಗಾದ ಟೋಪಿಯ ಆಕಾರ ಅಂತ ಅದಕ್ಕೆ 'ಟಾಪ್ ಹ್ಯಾಟ್' ಲೈನರ್ ಅಂತಲೇ ಹೆಸರು. ಕಾಲರ್ ಬಿರುಕಿನ ತಲೆಯ ಮೇಲೆ ಕೂತು ಮುಚ್ಚಿಬಿಡುತ್ತೆ. ರೇಡಿಯೇಟರಿಗೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಬಿರುಕು ಮುಚ್ಚುವ ಹಳೆ ಉಪಾಯವೂ ಇದೆ. ಮನೆ ತಲುಪೋಕೆ ಆದೀತು, ಬಾಳೋಕೆ ಆಗದು.

ಹಾಗಾದ್ರೆ ಲೆಕ್ಕ ಏನು?

ಕಾಲೇಜಿನಲ್ಲಿ ನಮಗೆ ಒಂದು ಪಾಠ ಇತ್ತು. ರಿಪೇರಿ ಮಾಡಿಸಿದರೆ ಅದು ರೆವೆನ್ಯೂ ಖರ್ಚು, ಆ ವರ್ಷದ ಲಾಭನಷ್ಟಕ್ಕೆ ಹೋಗುತ್ತೆ. ಹೊಸ ಆಸ್ತಿ ತಂದರೆ ಕ್ಯಾಪಿಟಲ್ ಖರ್ಚು, ಆಸ್ತಿಪಟ್ಟಿಗೆ ಸೇರುತ್ತೆ. ಹಳೆಯದು ಸ್ಕ್ರ್ಯಾಪ್. ಮಾಮೂಲಿ ಕಾರಿಗೆ ಈ ಲೆಕ್ಕ ಸರಿ. ಬ್ಲಾಕ್ ಒಡೆದರೆ ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಹೋಗಿ ಬೇರೆ ಎಂಜಿನ್ ವಿಚಾರಿಸೋದೇ ಜಾಣತನ.

ಆದರೆ ಹಳೆ ಕಾರಿನ ಲೋಕದಲ್ಲಿ ಇದು ತಲೆಕೆಳಗಾಗುತ್ತೆ. ಅಲ್ಲಿ 'ಮ್ಯಾಚಿಂಗ್ ನಂಬರ್ಸ್' ಅನ್ನೋದೇ ಆಸ್ತಿ. ಕಾರ್ಖಾನೆಯ ದಾಖಲೆಯಲ್ಲಿರುವ ಷಾಸಿ ನಂಬರ್, ಎಂಜಿನ್ ನಂಬರ್ ಎರಡೂ ಕಾರಿನ ಮೇಲಿರೋದಕ್ಕೆ ತಾಳೆಯಾಗಬೇಕು. ಜಾಗ್ವಾರಿನ ಹಳೆ ದಾಖಲೆ ನೋಡಿಕೊಳ್ಳುವ ಟ್ರಸ್ಟ್ ಇದಕ್ಕೆ ಪ್ರಮಾಣಪತ್ರವನ್ನೇ ಕೊಡುತ್ತೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತಾರಲ್ಲ, ಆ ನಂಬರಿರುವ ಬ್ಲಾಕ್ ಒಡೆದರೂ ಆನೆಯೇ.

ನಮ್ಮ ದೇಶದ ಕಾನೂನೂ ಈ ಪ್ರಶ್ನೆಯನ್ನು ಮುಟ್ಟಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಜೊತೆಗೆ ಷಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂದ್ರೆ ಹೊಲಿಗೆ ಹಾಕಿದ ಹಳೆ ಬ್ಲಾಕ್‌ಗೂ, ಹಳೆ ನಂಬರ್ ಹೊತ್ತ ಹೊಸ ಬ್ಲಾಕ್‌ಗೂ ಇರುವ ವ್ಯತ್ಯಾಸ ಕರ್ನಾಟಕದ ಆರ್‌ಟಿಒ ಕಚೇರಿಯಲ್ಲೂ ಒಂದು ದಿನ ಟೇಬಲ್ ಮೇಲೆ ಬರಬಹುದಾದ ವಿಷಯ. ಅಂದಹಾಗೆ ಜಾಗ್ವಾರನ್ನೂ 2008ರಲ್ಲಿ ಟಾಟಾ ಮೋಟಾರ್ಸ್ ಕೊಂಡುಕೊಂಡಿತು. ಹೊಸ ಬ್ಲಾಕ್ ಮಾರಿದ ದುಡ್ಡು ಕೊನೆಗೆ ಸೇರೋದು ಮುಂಬೈನ ಲೆಕ್ಕದ ಪುಸ್ತಕಕ್ಕೆ.

ನನ್ನ ಅಭಿಪ್ರಾಯ ಕೇಳಿದರೆ, ಹೊಸ ಬ್ಲಾಕ್ ತರೋದು ತಪ್ಪಲ್ಲ. ಕಾರು ಮ್ಯೂಸಿಯಂ ಸೇರೋದಕ್ಕಿಂತ ರಸ್ತೆಯ ಮೇಲೆ ಓಡೋದು ಒಳ್ಳೇದು. ಆದರೆ ಹಳೆ ನಂಬರನ್ನು ಹೊಸ ಕಬ್ಬಿಣದ ಮೇಲೆ ಒತ್ತಿದಾಗ ಆ ನಂಬರಿನ ಅರ್ಥ ಬದಲಾಗುತ್ತೆ. ಮೊದಲು ಅದು 'ಇದು ಇಂಥ ದಿನ ಕೊವೆಂಟ್ರಿಯಲ್ಲಿ ಹುಟ್ಟಿತು' ಅನ್ನೋ ಸಾಕ್ಷಿ. ಈಗ ಅದು ಮಾಲೀಕ ಕೊಂಡುಕೊಂಡ ಒಂದು ಹಕ್ಕು. ಎರಡನ್ನೂ ಒಂದೇ ಬೆಲೆಗೆ ಮಾರಬಾರದು, ಕೊಳ್ಳುವವನಿಗೆ ಹೇಳದೆ ಅಂತೂ ಮಾರಲೇಬಾರದು. ಹೊಲಿಗೆಯ ಗುರುತಿರುವ ಬ್ಲಾಕ್ ಸುಳ್ಳು ಹೇಳೋದಿಲ್ಲ. ಅತಿಯಾಸೆಯಿಂದ ತೆಳ್ಳಗಾದ ಗೋಡೆ, ಯಾವುದೋ ಬೇಸಿಗೆಯಲ್ಲಿ ಕಾದ ಎಂಜಿನ್, ಅದನ್ನು ಗುಜರಿಗೆ ಹಾಕದೆ ರಂಧ್ರದ ಪಕ್ಕ ರಂಧ್ರ ಕೊರೆದು ಕೂತ ಒಬ್ಬ ಕೆಲಸಗಾರ, ಎಲ್ಲ ಅದರ ಮೈಮೇಲೇ ಬರೆದಿರುತ್ತೆ.

ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ಹೀಗೆ ಒಡೆದು ಮತ್ತೆ ಕೂಡಿಸಿಕೊಂಡ ಟ್ರ್ಯಾಕ್ಟರ್, ಪಂಪ್‌ಸೆಟ್, ಹಳೆ ಲಾರಿ ಎಂಜಿನ್ ಇದ್ದರೆ, ಅದನ್ನು ಸರಿಮಾಡಿದವರು ಇನ್ನೂ ಇದ್ದರೆ, ನನಗೆ ಬರೆಯಿರಿ. ಆ ಕೈಗಳ ಕಥೆ ಎಲ್ಲೂ ದಾಖಲಾಗಿಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಅಲ್ಲೀವರೆಗೆ ರೇಡಿಯೇಟರಿನ ನೀರು ನೋಡ್ಕೊಳ್ಳಿ.